ಗೌರಿಯ ಹಾರದ ಟಿಕಲಿ

ಶ್ರೀಗೌರಿ ಕುಮಟೆಯ ಮೀನು ಪೇಟೆಗೆ ಕಾಲಿಟ್ಟರೆ ಮೀನು ಮಾರುವ ತಿಮ್ಮಿಗೆ ನಗೆ ತಡೆಯುತ್ತಿರಲಿಲ್ಲ.

"ದಾರಿ ಬಿಡಿ, ದಾರಿ ಬಿಡಿ! ಭಟ್ರ ಮನೆ ಅಮ್ಮ ಮೀನಿನ ಕಿವಿ ನೋಡೂಕೆ ಬಂದ್ರು!"

ಶ್ರೀಗೌರಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಿವಿರು ಎತ್ತಿ ನೋಡುವಳು. ಕೆಂಪಗಿದ್ದರೆ ತಾಜಾ. ಅದನ್ನು ಕಲಿಸಿದವಳೂ ತಿಮ್ಮಿಯೇ.

"ತಿನ್ನೂದಿಲ್ಲ, ಮಾಡೂದಿಲ್ಲ, ಮತ್ತೆ ಆರಿಸೂದು ಮಾತ್ರ ಮದುವೆಗೆ ಹೆಣ್ಣು ನೋಡ್ದಂಗೆ!"

ಶ್ರೀಗೌರಿ ಕಾಲೇಜೊಂದರ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕಿ. ವಿದ್ಯಾರ್ಥಿಗಳು ಕೊಯ್ದು ನೋಡುವ ಮೀನನ್ನು ತರಬೇಕು; ಚೆನ್ನಾಗಿರುವುದನ್ನು ಬಾಟಲಿಯಲ್ಲಿಟ್ಟು ಹೆಸರಿನ ಚೀಟಿ ಅಂಟಿಸಬೇಕು. ಮೊದಲ ದಿನ ಬಂಗಡೆಯನ್ನು ಮುಟ್ಟಿ ವಾಂತಿ ಮಾಡಿಕೊಂಡವಳು ಈಗ ಬಂಗಡೆಯ ಬೆನ್ನಿನ ಪಟ್ಟೆಯನ್ನು, ತಾರ್ಲೆಯ ಹೊಟ್ಟೆಯ ಗರಗಸದಂಥ ಅಂಚನ್ನು, ತೊರಕೆಯ ಬಾಲದ ಮುಳ್ಳನ್ನು ಬೆರಳಿನಿಂದಲೇ ಗುರುತಿಸಬಲ್ಲಳು. ಸಹಿಸಲಾಗದ್ದು ಒಂದೇ: ಮೀನಿಗೆ ರೆಪ್ಪೆಯಿಲ್ಲ. ಬಾಟಲಿಯೊಳಗಿಂದ ಅವು ಅವಳನ್ನು ನೋಡುತ್ತಲೇ ಇರುತ್ತಿದ್ದವು.

ಮನೆಯಲ್ಲಿ ಅತ್ತೆಗೆ ಇದು ಗೊತ್ತಿರಲಿಲ್ಲ. ಕೆಲಸ ಸಿಕ್ಕ ದಿನ ಗಂಡ ಪ್ರದೀಪ ತನ್ನ ತಾಯಿಗೆ, "ಕಾಲೇಜಿನ ಆಫೀಸಿನಲ್ಲಿ ಬರವಣಿಗೆ ಕೆಲಸ" ಎಂದು ಹೇಳಿಬಿಟ್ಟಿದ್ದ. ಅತ್ತೆ ಸುಬ್ಬಲಕ್ಷ್ಮಿಯವರದು ಬಹಳ ಮಡಿ. ಪಕ್ಕದ ಮನೆಯವರು ಕೊಟ್ಟ ಕೇಕಿನಲ್ಲಿ ಮೊಟ್ಟೆಯಿತ್ತೆಂದು ತಿಳಿದಾಗ ಅವರು ಅನ್ನ ಬಿಟ್ಟು ಮಲಗಿದ್ದರು. ಡಾಕ್ಟರು ಬಂದು ಸಲೈನ್ ಏರಿಸಬೇಕಾಯಿತು. ಅಂದಿನಿಂದ ಸೊಸೆ ಮಿಂದು ಮಾಡಿದ್ದನ್ನು ಬಿಟ್ಟು ಬೇರೆ ಯಾರ ಕೈಯದನ್ನೂ ಮುಟ್ಟುತ್ತಿರಲಿಲ್ಲ.

ಶ್ರೀಗೌರಿ ದಿನವೂ ಕಾಲೇಜಿನಲ್ಲಿ ಲಿಂಬೆಹಣ್ಣು ತಿಕ್ಕಿ ಕೈ ತೊಳೆದು, ಮನೆಗೆ ಬಂದವಳೇ ಹಿತ್ತಿಲಿನಿಂದ ಬಚ್ಚಲಿಗೆ ಹೋಗಿ ಮೀಯುತ್ತಿದ್ದಳು. ಅತ್ತೆ ಅದನ್ನೂ ಹೊಗಳುವರು. "ಈಗಿನ ಕಾಲದಲ್ಲಿ ಯಾರು ಹೀಂಗೆ ಮಾಡ್ತ? ನಮ್ಮನೆ ಕೂಸು ಮಿಂದ್ಕಂಡೇ ಒಳಗೆ ಬಪ್ಪದು!" ಹೊಗಳಿಕೆ ಕೇಳಿದಷ್ಟೂ ಬಾಯಿ ಬಿಡುವ ದಾರಿ ಮುಚ್ಚುತ್ತ ಬಂತು.

ಈ ಸಲದ ಗೌರಿ ಹಬ್ಬಕ್ಕೆ ಅತ್ತೆ ದೇವಿಗೆ ಮಿನುಗುವ ಪುಟ್ಟ ಟಿಕಲಿ ಬಿಲ್ಲೆಗಳ ಹಾರ ಹೊಲಿಯುತ್ತಿದ್ದರು. ಒಂದು ಸಂಜೆ ಶ್ರೀಗೌರಿ ಮಿಂದು ಬರುವಷ್ಟರಲ್ಲಿ ಅವರು ಜಗಲಿಯಲ್ಲಿ ಏನನ್ನೋ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಕೂಸೇ, ನಿನ್ನ ಚೀಲದ ಬುಡದಲ್ಲಿ ಬಿದ್ದಿತ್ತು. ಎಷ್ಟು ಚೆಂದ ಇದ್ದು ನೋಡು! ಬಣ್ಣ ಬಣ್ಣ ಹೊಳೀತು."

ಅದು ಕುರ್ಡೆ ಮೀನಿನ ಮೈಮೇಲಿನ ಹುರುಪೆ. ಆ ದಿನವೇ ಕೊಯ್ದದ್ದು. ಚೀಲಕ್ಕೆ ಹೇಗೋ ಅಂಟಿ ಬಂದಿತ್ತು. ಜನ್ಮದಲ್ಲಿ ಮೀನನ್ನು ಹತ್ತಿರದಿಂದ ನೋಡದ ಅತ್ತೆಗೆ ಅದು ಟಿಕಲಿ.

"ತೂತೂ ಇದ್ದಲೆ! ದಾರ ಪೋಣ್ಸಲೆ ಹೇಳಿ ಮಾಡಿಸ್ದಾಂಗೆ ಇದ್ದು."

ಮೀನಿನ ಪಕ್ಕೆಯುದ್ದಕ್ಕೂ ಓಡುವ ಗೆರೆಯ ಹುರುಪೆಗಳಲ್ಲಿ ಮಾತ್ರ ಅಂಥ ಸಣ್ಣ ರಂಧ್ರ ಇರುತ್ತದೆ. ನೀರಿನ ಅಲುಗಾಟವನ್ನು ಮೀನು ಅದರಿಂದಲೇ ಅರಿಯುವುದು. ಅತ್ತೆ ಆ ಹುರುಪೆಯನ್ನು ಹಾರದ ನಟ್ಟನಡುವೆ ಹೊಲಿದರು.

"ತೆಗ್ದುಬಿಡ್ಲಾ?" ಎಂದು ಅಡುಗೆಮನೆಯಲ್ಲಿ ಗಂಡನನ್ನು ಕೇಳಿದಳು.

"ಬ್ಯಾಡ ಮಾರಾಯ್ತಿ. ಎಂತಕೆ ತೆಗ್ದೆ ಕೇಳಿರೆ ಎಂತ ಹೇಳ್ತೆ? ನಿಜ ಗೊತ್ತಾದ್ರೆ ಆಯಿ ಮತ್ತೆ ಊಟ ಬಿಡ್ತು. ಈ ವಯಸ್ಸಲ್ಲಿ ಇನ್ನೊಂದ್ಸಲ ಏಳ್ತಿಲ್ಲೆ."

ಮರುದಿನ ಪೇಟೆಯಿಂದ ಒಳ್ಳೆಯ ಟಿಕಲಿ ತಂದಳು. ನಡುವಿನದನ್ನು ಬಿಚ್ಚಿ ಇದನ್ನು ಹಾಕೋಣವೆಂದಳು. ಅತ್ತೆ ಒಂದೊಂದನ್ನೇ ತಿರುಗಿಸಿ ನೋಡಿ ಬದಿಗಿಟ್ಟರು.

"ಇದು ಪ್ಲಾಸ್ಟಿಕ್ಕು. ಅದ್ರಲ್ಲಿ ಸುತ್ತ ಸುತ್ತ ಗೆರೆ ಇದ್ದು, ಮರ ಕೊಯ್ದಾಗ ಕಾಣ್ತಲೆ, ಹಾಂಗೆ. ಇದ್ರಲ್ಲಿ ಎಂತದೂ ಇಲ್ಲೆ."

ಸರಿಯಾಗಿಯೇ ಕಂಡಿದ್ದರು. ಆ ಗೆರೆಗಳನ್ನು ಎಣಿಸಿಯೇ ಮೀನಿನ ಪ್ರಾಯ ಹೇಳುವುದು.

ಹಬ್ಬದ ದಿನ ಬಂತು. ಶ್ರೀಗೌರಿ ಎರಡು ಸಲ ಮಿಂದಳು. ಆರತಿ ಎತ್ತುವಾಗ ಎಲ್ಲ ಟಿಕಲಿಗಳ ನಡುವೆ ಅದೊಂದೇ ನೀಲಿ, ಗುಲಾಬಿ, ಹಸಿರಾಗಿ ಮಿನುಗಿತು. ದೇವಿಯ ಕಣ್ಣಿಗೂ ರೆಪ್ಪೆಯಿರಲಿಲ್ಲ. ಅರಗಿನ ಕಣ್ಣು ಅವಳನ್ನೇ ನೋಡುತ್ತಿತ್ತು. ಕರ್ಪೂರ ಆರಿತು. ಮತ್ತೆ ಹಚ್ಚಿದಳು.

"ಆ ನಮೂನೆದು ಇನ್ನೂ ಸಿಕ್ಕುಗನೇ?" ಎಂದರು ಅತ್ತೆ, ಕೈ ಮುಗಿದುಕೊಂಡೇ. "ಬಪ್ಪ ವರ್ಷಕ್ಕೆ ಪೂರ್ತಿ ಹಾರವನ್ನೇ ಮಾಡ್ಲಕ್ಕು."

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎಂದು ಅವಳಿಗೆ ಗೊತ್ತಿತ್ತು. "ಅತ್ತೆ," ಎಂದಳು.

ಅತ್ತೆ ತಿರುಗಿದರು. ಬೆಳಗಿನಿಂದ ಉಪವಾಸವಿದ್ದ ಮುಖ; ಕತ್ತಿನ ನರಗಳೆಲ್ಲ ಎದ್ದು ಕಾಣುತ್ತಿದ್ದವು.

"ಎಂತದೇ?"

"ಸಿಕ್ಕಿರೆ ತಂದುಕೊಡ್ತಿ," ಎಂದಳು ಶ್ರೀಗೌರಿ.

"ಆತು. ಈಗ ಬಡಿಸು, ಹಶವಾತು."

ಬಾಳೆ ಎಲೆಯ ಮುಂದೆ ಅತ್ತೆ ಕುಳಿತರು. ಶ್ರೀಗೌರಿ ತನ್ನ ಕೈ ಬೆರಳುಗಳನ್ನು ಒಮ್ಮೆ ಮೂಸಿ ನೋಡಿ, ಪಾಯಸದ ಪಾತ್ರೆ ಎತ್ತಿಕೊಂಡಳು.