ನಿಧಾನಕ್ಕ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿರುವ ಈ ಹೆಂಗಸನ್ನು ಎಲ್ಲರೂ ಕರೆಯುವುದು ನಿಧಾನಕ್ಕ ಎಂದು. ಬೇರೆ ಬ್ಯಾಕ್ಟೀರಿಯಾಗಳು ತಟ್ಟೆಯಲ್ಲಿ ಎರಡೇ ದಿನಕ್ಕೆ ಬೆಳೆದು ಮುಖ ತೋರಿಸಿದರೆ, ಬೆಕ್ಕು ಪರಚಿದಾಗ ಮೈ ಸೇರಿ ಜ್ವರ, ಗಂಟು ತರುವ, ಇವರ ಅಚ್ಚುಮೆಚ್ಚಿನ ಬಾರ್ಟೊನೆಲ್ಲಾಗೆ ಮೂರು ವಾರ ಬೇಕು, ಕೆಲವೊಮ್ಮೆ ಆರು. ಅಷ್ಟು ದಿನವೂ ತಟ್ಟೆ ಒಣಗದಂತೆ ಅಂಚಿಗೆ ಟೇಪು ಸುತ್ತಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಬಾಣಂತಿಯ ಕೋಣೆ ಕಾಯುವ ಅಜ್ಜಿಯಂತೆ ಕಾಯುತ್ತಾರೆ. "ಜಾಗ ಇಲ್ಲ ಅಕ್ಕಾ, ಹಳೇದನ್ನ ಬಿಸಾಡ್ಲಾ?" ಎಂದು ಜೊತೆಯವರು ಕೇಳಿದರೆ, "ಇನ್ನೊಂದು ವಾರ ನೋಡೋಣ, ಅದಕ್ಕೇನು ಬಸ್ ಹಿಡೀಬೇಕಾ?" ಎನ್ನುತ್ತಾರೆ. ಜ್ವರ ಎಂದವರನ್ನೆಲ್ಲ ಮೊದಲು ಕೇಳುವುದು, "ಮನೇಲಿ ಬೆಕ್ಕಿನ ಮರಿ ಇದೆಯಾ? ಪರಚಿತ್ತಾ?" ಬರೀ ನೆಗಡಿಯಾಗಿದ್ದ ಭಾವ, "ನನ್ನ ಪರಚೋದು ನಿಮ್ಮಕ್ಕ ಮಾತ್ರ ಕಣಮ್ಮ" ಎಂದಾಗ, ಯಾವ ಕೈ, ಎಷ್ಟು ದಿನವಾಯಿತು ಎಂದು ಗಂಭೀರವಾಗಿ ಬರೆದುಕೊಂಡರು. ಕಳೆದ ತಿಂಗಳು, ಕಂಕುಳಲ್ಲಿ ಗಂಟಾಗಿ ಜ್ವರ ಬಿಡದೆ ಮಲಗಿದ್ದ ಏಳು ವರ್ಷದ ಹುಡುಗಿಯ ಗಂಟಿನಿಂದ ಸೂಜಿಯಲ್ಲಿ ತೆಗೆದ ರಸ ಇವರ ಪೆಟ್ಟಿಗೆ ಸೇರಿತು. ಕ್ಯಾನ್ಸರ್ ಎಂಬ ಮಾತನ್ನು ಬಾಯಿಬಿಟ್ಟು ಆಡಲಾರದ ಅವಳ ಅಪ್ಪ ದಿನಾ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ನಿಂತು, "ಅದು ಅಲ್ಲ ತಾನೇ ಮೇಡಂ?" ಎನ್ನುತ್ತಿದ್ದ. ಇಪ್ಪತ್ಮೂರನೆಯ ದಿನ ತಟ್ಟೆಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕಿಗಳು ಕಂಡವು. ಇನ್ನೊಂದು ಪರೀಕ್ಷೆಯೂ ಬಾರ್ಟೊನೆಲ್ಲಾ ಎಂದೇ ಹೇಳಿತು. ಒಂದು ಚುಕ್ಕಿಗಾಗಿ ಆರು ವಾರ ಕಾಯಬಲ್ಲ ನಿಧಾನಕ್ಕನಿಗೆ ಆವತ್ತು ಲಿಫ್ಟ್ ಬರುವವರೆಗೆ ಕಾಯಲಾಗಲಿಲ್ಲ. ನಾಲ್ಕು ಮಹಡಿ ಮೆಟ್ಟಿಲೇರಿ, ಏದುಸಿರು ಬಿಡುತ್ತ ಮಕ್ಕಳ ವಾರ್ಡಿನಲ್ಲಿ ಆ ಅಪ್ಪನ ಮುಂದೆ ನಿಂತು, "ಅದಲ್ಲ ಕಣಪ್ಪ" ಎಂದರು.