ಹೆಬ್ಬಾತುಗಳನ್ನು ಓಡಿಸಿದ ದಿನ

1964ರಲ್ಲಿ ನಾನು ಹಾನಗಲ್ ತಾಲೂಕಿನ ತಿಳವಳ್ಳಿ ಸಮೀಪದ ಒಂದು ಹಳ್ಳಿಯಲ್ಲಿ ಗ್ರಾಮಸೇವಕನಾಗಿದ್ದೆ. ಹೊಸ ಬೀಜ, ಗೊಬ್ಬರ, ಕೀಟನಾಶಕಗಳನ್ನು ರೈತರ ಹೊಲಕ್ಕೆ ಒಯ್ದು ಬಳಸಿ ತೋರಿಸುವುದು ನನ್ನ ಕೆಲಸ. ವಯಸ್ಸು ಇಪ್ಪತ್ತಾರು. ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ಧಿಮಾಕು ಬೇರೆ.

ಆ ಊರ ಕೆರೆಗೆ ಚಳಿ ಶುರುವಾದೊಡನೆ ಹಿಮಾಲಯದಾಚೆಯಿಂದ ಹೆಬ್ಬಾತುಗಳು ಬರುತ್ತಿದ್ದವು. ಅವು ಇಳಿದ ದಿನ ಮನೆಮನೆಯವರು ಬುತ್ತಿ ಕಟ್ಟಿಕೊಂಡು ಬಂದು ಏರಿಯ ಮೇಲೆ ಕೂತು ಉಣ್ಣುತ್ತಿದ್ದರು. ಅಂದಿನಿಂದ ಅವು ಹೊರಡುವವರೆಗೆ ಕೆರೆಯ ಬಳಿ ಹಲಗಿ ಬಾರಿಸುವಂತಿಲ್ಲ, ಮದುವೆ ಮೆರವಣಿಗೆಯೂ ಸದ್ದಿಲ್ಲದೆ ದಾಟಬೇಕು. ಹೊಲದ ಕಾಳು ತಿಂದರೂ ಯಾರೂ ಕಲ್ಲು ಬೀಸುತ್ತಿರಲಿಲ್ಲ. ಇದನ್ನೆಲ್ಲ ನೋಡಿ ನಾನು ಒಳಗೊಳಗೇ ನಗುತ್ತಿದ್ದೆ.

ಆ ವರ್ಷ ಹಕ್ಕಿಗಳು ಇಳಿದು ವಾರವಾಗಿತ್ತು. ತಡವಾಗಿ ಬಿತ್ತಿದ ಭತ್ತಕ್ಕೆ ಹುಳು ಬಿದ್ದದ್ದರಿಂದ ಎಂಡ್ರಿನ್ ಎಂಬ ಕಡುವಿಷದ ಔಷಧಿ ಹೊಡೆಸಿದೆ. ಮರುದಿನ ಬೆಳಿಗ್ಗೆ ಪಂಪು, ಡಬ್ಬಿಗಳನ್ನು ಪಕ್ಕದ ಕಾಲುವೆಯಲ್ಲೇ ತೊಳೆಸಿ, ಉಳಿದ ಔಷಧಿಯನ್ನೂ ಅಲ್ಲೇ ಚೆಲ್ಲಿಸಿದೆ. ಹರಿಯುವ ನೀರಲ್ಲಿ ವಿಷ ನಿಲ್ಲುವುದಿಲ್ಲ ಎಂದು ಪಾಠ ಬೇರೆ ಹೇಳಿದೆ. ಆ ನೀರು ಹೋಗಿ ನಿಲ್ಲುವುದು ಕೆರೆಯಲ್ಲಿ ಎಂಬುದು ಹೊಳೆಯಲೇ ಇಲ್ಲ.

ಒಂದು ತಾಸಿನ ಮೇಲೆ ಏರಿಯ ಮೇಲೆ ಸೈಕಲ್ ತುಳಿಯುತ್ತ ಬಂದರೆ, ಕಾಲುವೆ ಕೆರೆಗೆ ಕೂಡುವಲ್ಲಿ ಮೀನುಗಳು ಬೆಳ್ಳಗೆ ತೇಲುತ್ತಿದ್ದವು. ಹೆಬ್ಬಾತುಗಳ ಹಿಂಡು ಆಚೆ ದಡದಲ್ಲಿತ್ತು. ಕೆಲವು ಮೆಲ್ಲಗೆ ಈಚೆಗೆ ಈಜುತ್ತಿದ್ದವು. ಸುತ್ತ ಯಾರೂ ಇರಲಿಲ್ಲ. ಸುಮ್ಮನೆ ಹೋಗಿಬಿಡಬಹುದಿತ್ತು. ಸುಳ್ಳೇಕೆ, ಆ ಯೋಚನೆಯೂ ಬಂದಿತ್ತು.

ಕೆರೆಯ ನೀರು ಬಿಡುವ ನೀರಗಂಟಿ ನಿಂಗಪ್ಪನ ಮನೆಗೆ ಓಡಿದೆ. ನನ್ನ ಮಾತು ಮುಗಿಯುವುದರೊಳಗೆ ಅವನು ಗುದ್ದಲಿ ಎತ್ತಿಕೊಂಡಿದ್ದ.

“ಮೊದ್ಲ ಕಾಲಿವಿ ಕಟ್ಟೂಣು ನಡೀರಿ. ಬಯ್ಯೂದು ಆಮ್ಯಾಲ ಬಯ್ತೇನಿ.”

ಹುಲ್ಲು, ಮಣ್ಣು ಒಟ್ಟಿ ಕಾಲುವೆ ಕಟ್ಟಿದೆವು. ದನಗಳನ್ನು ಕೆರೆಗೆ ಬಿಡಬೇಡಿ ಎಂದಷ್ಟೇ ಊರಲ್ಲಿ ಸಾರಿಸಿದೆವು. ಹಕ್ಕಿಗಳಿಗೆ ಹೇಳುವವರಾರು? ಎಬ್ಬಿಸಿ ಓಡಿಸುವುದೊಂದೇ ದಾರಿ. ಏರಿಯ ಮೇಲೆ ಸೇರಿದ ಜನ ಅದಕ್ಕೆ ಒಪ್ಪಲಿಲ್ಲ. ಊರಿಗೆ ಹಿರಿಯಳಾದ ಗಂಗವ್ವ ನನ್ನೆದುರು ಬಂದು ನಿಂತಳು.

“ಎಲ್ಲಿಂದೋ ಬಂದ ಜೀವಾರೀ ಇವು. ನಮ್ಮ ಕೈಲೇ ಬೆದರಿಸಿ ಓಡಸ್ರಿ ಅಂತೀರಲ್ಲ, ಯಾಕ?”

“ನೀರಿಗೆ ವಿಷಾ ಬಿದ್ದೈತಿ, ಅವ್ವ. ಬಿಟ್ಟಾಂವ ನಾನ.”

ಅವಳು ನನ್ನನ್ನೇ ನೋಡಿದಳು. ಅದರ ಬದಲು ಎರಡೇಟು ಬಿದ್ದಿದ್ದರೆ ಹಗುರವಾಗುತ್ತಿತ್ತು. ಆಮೇಲೆ ಜನರತ್ತ ತಿರುಗಿ, “ಹಲಗಿ ತರ್ರಿ” ಎಂದಳು.

ಹಲಗಿ, ತಾಟು, ಡಬ್ಬಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದೆವು. ಹಿಂಡು ಎದ್ದಿತು, ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಇಳಿಯಿತು. ಈ ಜನ ನಮ್ಮನ್ನು ಓಡಿಸುತ್ತಿದ್ದಾರೆಂದು ಅವಕ್ಕೆ ನಂಬಿಕೆಯೇ ಬರಲಿಲ್ಲವೇನೋ. ಇಳಿದಲ್ಲೆಲ್ಲ ಓಡಿ ಓಡಿ ಬಡಿದೆವು. ಕೆಲವರು ಬಡಿಯುತ್ತಲೇ ಅಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸಾಲುಗಟ್ಟಿ ಪೂರ್ವದ ಕಡೆ ಹೋದವು. ಕಾಲುವೆಯ ಬಾಯಲ್ಲಿ ಸಿಕ್ಕ ಎರಡು ಬದುಕಲಿಲ್ಲ.

ಆ ಚಳಿಗಾಲ ಹಿಂಡು ತಿರುಗಿ ಬರಲಿಲ್ಲ. ತಪ್ಪೊಪ್ಪಿಕೊಂಡು ವರದಿ ಬರೆದೆ, ಜೊತೆಗೆ ವರ್ಗಾವಣೆಗೆ ಅರ್ಜಿಯನ್ನೂ ಬರೆದಿಟ್ಟೆ. ಸುದ್ದಿ ತಿಳಿದು ಗಂಗವ್ವ ನನ್ನ ಕೋಣೆಗೆ ಬಂದಳು.

“ಬರೂ ವರ್ಷ ಬರ್ತಾವೇನ್ರಿ?”

“ಗೊತ್ತಿಲ್ಲ, ಅವ್ವ.” ಆ ಊರಲ್ಲಿ ನಾನು ಹಾಗೆ ಅಂದದ್ದು ಅದೇ ಮೊದಲು.

“ಹಂಗಾರ ಅವು ಬರೂತನಕ ಇಲ್ಲೇ ಇರ್ರಿ. ನೀವೂ ಹ್ವಾದ್ರ ನಾವು ಯಾರನ್ನ ಕೇಳೂಣು?”

ಅರ್ಜಿ ಹರಿದು ಹಾಕಿದೆ. ಡಬ್ಬಿ ತೊಳೆಯಲು ಕೆರೆಯಿಂದ ದೂರ ಗುಂಡಿ ತೋಡಿದೆವು. ಮರುವರ್ಷ ಹಕ್ಕಿ ಬರಲಿಲ್ಲ. ಅದರ ಮುಂದಿನ ವರ್ಷ ಬಂದವು, ಮೊದಲಿನಷ್ಟಲ್ಲ. ತಪ್ಪು ಮಾಡಿದ ನೌಕರ ವರ್ಗವಾಗಿ ಹೋಗಬಹುದು, ತಪ್ಪಿಗೆ ವರ್ಗವಿಲ್ಲ. ಅದು ಆ ಊರವರ ಪಾಲಿಗೇ ಉಳಿಯುತ್ತದೆ. ಅದರ ಜೊತೆ ಉಳಿದು ಕಾಯುವುದೂ ನೌಕರಿಯೇ ಎಂದು ನನಗೆ ಕಲಿಸಿದವಳು ಗಂಗವ್ವ.