ಹೆರೆದ ಕೋಡಿನ ನಂಬರು

ನಮ್ಮ ಕುಪ್ಪೇಲೂರಿನ ಆಕಳುಗಳೆಲ್ಲ ಆಗಲೇ ಡಾಕ್ಟರ ಇಂಜೆಕ್ಷನ್ನಿನಿಂದ ಗಬ್ಬವಾಗುತ್ತಿದ್ದವು. ಮನೆಯಲ್ಲೇ ಹುಟ್ಟಿ ಬೆಳೆದ ನಮ್ಮ ಹೋರಿಗೆ ಊರಲ್ಲಿ ಕೆಲಸವಿರಲಿಲ್ಲ. ಬೀಜ ಒಡೆಸಿ ನೊಗಕ್ಕೆ ಹೂಡಬೇಕು, ಇಲ್ಲವೇ ತಳಿಗೆ ಬೇಕೆನ್ನುವವರಿಗೆ ಕೊಡಬೇಕು. ಮಹಾರಾಷ್ಟ್ರದ ತಳಿ ಕೇಂದ್ರವೊಂದು ಒಪ್ಪಿದಾಗ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗಡಿ ದಾಟಬೇಕೆಂದರೆ ಹೋರಿಯ ಮೈಮೇಲೊಂದು ಗುರುತು, ಡಾಕ್ಟರು ತಪಾಸಣೆ ಮಾಡಿ ಕೊಡುವ ಕಾಗದದಲ್ಲೂ ಅದೇ ಗುರುತು ಇರಬೇಕು. ಕಿವಿಗೆ ಬಿಲ್ಲೆ ಹಾಕಲು ಅಪ್ಪ ಬಿಡಲಿಲ್ಲ. "ಕಿವಿ ತೂತ ಮಾಡಿದ್ರ ಅದರ ಚಂದಾನ ಹೊಕ್ಕೈತ್ರಿ." ರಾಣೆಬೆನ್ನೂರಿನ ಡಾಕ್ಟರು ಬೇಸತ್ತು, ಕಬ್ಬಿಣ ಕಾಸಿ ಕೋಡಿನ ಮೇಲೆ ನಂಬರು ಒತ್ತಿದರು.

ಹೊರಡುವ ಹಿಂದಿನ ದಿನ ನಾನು ಮೆಣಸಿನಕಾಯಿ ಮಾರಲು ಬ್ಯಾಡಗಿಗೆ ಹೋಗಿದ್ದೆ. ಇತ್ತ ಅಪ್ಪ ಕೋಡು ಹೆರೆಯುವವನನ್ನು ಕರೆಸಿದ. ಒಳ್ಳೆಯ ಹೋರಿಯನ್ನು ಕೋಡು ಹೆರೆಸದೆ, ಎಣ್ಣೆ ಹಚ್ಚದೆ ಪರರ ಮನೆಗೆ ಕಳಿಸುವುದುಂಟೇ? ಬೆಳಿಗ್ಗೆ ಟೆಂಪೋ ಹತ್ತಿಸುವಾಗ ಮಿಂಚುವ ಕೋಡು ನೋಡಿ ನಾನೂ ಚಂದವೆಂದೆ. ಹೆರೆದ ಪುಡಿಯ ಜೊತೆ ನಂಬರೂ ತಿಪ್ಪೆ ಸೇರಿದ್ದು ಯಾರಿಗೂ ಹೊಳೆಯಲಿಲ್ಲ.

ನಮ್ಮ ಕಡೆಯ ಚೆಕ್‌ಪೋಸ್ಟಿನವರು ಕಾಗದ ನೋಡಿ ಶಿಕ್ಕಾ ಹೊಡೆದರು. ಆಚೆಯವರು ಹೋರಿಯನ್ನೇ ನೋಡಿದರು. "ನಂಬರ್ ಎಲ್ಲೈತ್ರಿ?"

ಅಪ್ಪ ಒಂದು ಕೋಡು ಸವರಿದ, ಇನ್ನೊಂದನ್ನೂ ಸವರಿದ. ಮುಖ ಕಪ್ಪಿಟ್ಟಿತು. "ಇಲ್ಲೇ ಇತ್ರಿ... ನಿನ್ನಿ ಕೋಡ ಹೆರಸೇನ್ರಿ."

ಹಿಂದಿರುಗಿದರೆ ನಮ್ಮವರೂ ಒಳಗೆ ಬಿಡಲೊಲ್ಲರು. ಹೊರಗೆ ಹೋದ ಹೋರಿ ಇದೇ ಎಂಬುದಕ್ಕೆ ಗುರುತೇನು? ಎರಡು ಗೇಟುಗಳ ನಡುವೆ, ಉರಿಬಿಸಿಲಲ್ಲಿ, ಟೆಂಪೋ ನಿಂತೇ ಇತ್ತು. ಹೋರಿಯನ್ನು ಇಳಿಸುವಂತಿಲ್ಲ, ನಾವು ಕದಲುವಂತಿಲ್ಲ. ನಾನು ಕಂಡಕಂಡವರ ಮೇಲೆ ಹರಿಹಾಯ್ದೆ. ಅಪ್ಪ ನಮ್ಮ ಗೇಟಿನ ಸಾಹೇಬರನ್ನು ಟೆಂಪೋ ಹತ್ತಿರ ಕರೆತಂದು, ಕೆಳಗೆ ನಿಂತು ಹೋರಿಯನ್ನು ಕರೆದ. ಹೋರಿ ಮುಖ ಬಗ್ಗಿಸಿ ಅವನ ಕೈ ನೆಕ್ಕಿತು.

"ನೋಡ್ರಿ ಸಾಹೇಬ್ರ, ನಂದ ಹೌದಲ್ರಿ?"

"ನಿಮ್ದ ಖರೇ ಐತಿ, ಯಜಮಾನ್ರ. ಆದ್ರ ಡಾಕ್ಟರ್ ತಪಾಸ ಮಾಡಿದ್ದು ಇದನ್ನ ಅಂತ ನಾ ಹ್ಯಾಂಗ ಹೇಳ್ಲಿ?"

ಸಂಜೆ ನಮ್ಮ ಕಡೆಯವರೇ ಕರುಣೆ ತೋರಿಸಿ ದಾರಿ ಹೇಳಿದರು. ಉಳುವ ದನಕ್ಕೆ ನಂಬರು ಕೇಳುವುದಿಲ್ಲ; ಬೀಜದ ಹೋರಿಯಲ್ಲ, ಉಳುವ ದನ ಎಂದು ಬರೆದುಕೊಟ್ಟರೆ ಮನೆಗೆ ಒಯ್ಯಬಹುದು. ಅಪ್ಪ ಸಹಿ ಮಾಡಿದ.

ತಳಿ ಕೇಂದ್ರದವರು ಕಾಯಲು ಸಿದ್ಧರಿದ್ದರು. ಮತ್ತೆ ತಪಾಸಣೆ ಮಾಡಿಸಿ ಹೊಸ ನಂಬರು ಹಾಕಿಸೋಣವೆಂದು ನಾನು ಗೋಗರೆದೆ. ಅಪ್ಪ ಜಗ್ಗಲಿಲ್ಲ.

"ಬೀಜದ ಹೋರಿ ಅಲ್ಲಂತ ಕೈಯಾರೆ ಬರದು ಕೊಟ್ಟೇನಿ. ಈಗ ಹೌದು ಅಂತ ಯಾವ ಬಾಯಿಲೆ ಹೇಳ್ಲಿ?"

"ಯಾರ ಬಂದು ನೋಡ್ತಾರಪಾ?"

"ಯಾರೂ ನೋಡಂಗಿಲ್ಲ," ಎಂದ.

ಮರುವಾರ ಡಾಕ್ಟರು ಬೀಜ ಒಡೆಯಲು ಬಂದರು. ಕೆಡವಿದ ಹೋರಿಯ ಕೊರಳನ್ನು ಅಪ್ಪನೇ ತಬ್ಬಿ ಹಿಡಿದ, ನನ್ನನ್ನು ಹತ್ತಿರ ಬಿಡಲಿಲ್ಲ.